ಐಲಾದ ಹಳೆಯ ಮಾಲ್ಟ್: ಹೊಗೆ ಹುಡುಕಿ ಹೋದವನಿಗೆ ಸಿಕ್ಕಿದ್ದು

ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಹೋಗುವವರು ಮೊದಲು ಕೋಣೆ ಹಿಡಿಯಿರಿ, ವಿಮಾನದ ಟಿಕೆಟ್ ಆಮೇಲೆ. ನಾನು ಹಿಂದುಮುಂದು ಮಾಡಿದೆ. ಮೇ ಕೊನೆಯ ವಿಸ್ಕಿ ಉತ್ಸವಕ್ಕೆ ದ್ವೀಪವೇ ತುಂಬಿತ್ತು. ಉಳಿದಿದ್ದ ಒಂದೇ ಕೋಣೆಗೆ ಗ್ಲಾಸ್ಗೋದ ಮೂರರಷ್ಟು ಬಾಡಿಗೆ ತೆತ್ತೆ. ಅದರ ಕಿಟಕಿ ಮುಚ್ಚುತ್ತಿರಲಿಲ್ಲ, ಬಿಸಿನೀರು ಏಳು ಗಂಟೆಗೇ ಮುಗಿಯುತ್ತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಜನಜಂಗುಳಿ ನಿಮಗೂ ಆಗದಿದ್ದರೆ ಸೆಪ್ಟೆಂಬರ್‌ನಲ್ಲಿ ಹೋಗಿ.

ಮುಖ್ಯ ಭೂಭಾಗದ ಕೆನ್ನಕ್ರೇಗ್‌ನಿಂದ ದ್ವೀಪಕ್ಕೆ ಹೊರಡುವ ಹಡಗು ಗಾಳಿ ಜೋರಾದರೆ ರದ್ದಾಗುತ್ತದೆ. ಮರಳುವ ವಿಮಾನಕ್ಕೆ ಮುನ್ನ ಒಂದು ದಿನ ಖಾಲಿ ಬಿಡಿ.

ನಾನು ಹೋದದ್ದು ಹಳೆಯ ಮಾಲ್ಟ್‌ಗಾಗಿ, ಅಂದರೆ ಮೊಳಕೆ ಬಾರ್ಲಿಯ ವಿಸ್ಕಿಗಾಗಿ. ಬೋಮೋರ್ ಭಟ್ಟಿ 1779ರಷ್ಟು ಹಳೆಯದು. ಅದರ ಒಂದನೇ ನಂಬರಿನ ಗೋದಾಮು ಸಮುದ್ರಮಟ್ಟಕ್ಕಿಂತ ಕೆಳಗಿದೆ, ಗೋಡೆಯಾಚೆ ಲಾಕ್ ಇಂಡಾಲ್ ಕೊಲ್ಲಿಯ ಉಪ್ಪುನೀರು. ಹನ್ನೆರಡು ವರ್ಷದ್ದನ್ನೂ ಇಪ್ಪತ್ತೈದು ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ಕುಡಿದೆ. ಮೊದಲನೆಯದರಲ್ಲಿ ಹೊಗೆ, ನಿಂಬೆ, ಜೇನು. ಎರಡನೆಯದು ಇನ್ನಷ್ಟು ಹೊಗೆಯಾಡುತ್ತದೆ ಎಂದುಕೊಂಡಿದ್ದೆ. ಅದರಲ್ಲಿದ್ದದ್ದು ಮಾಗಿದ ರಸಪುರಿಯ ಸಿಪ್ಪೆಯ ಘಮ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ, ಕೊನೆಗೆ ನಾಲಿಗೆಯಂಚಿನಲ್ಲಿ ಒಂದಿಷ್ಟು ಉಪ್ಪು. ಹೊಗೆ ಮಾತ್ರ, ಆರಿದ ಒಲೆಯ ಬೂದಿಯಷ್ಟೇ ಉಳಿದಿತ್ತು. ಪೀಟ್ ಎಂಬ ಜೌಗುನೆಲದ ಒಣಮಣ್ಣನ್ನು ಸುಟ್ಟು ಬಾರ್ಲಿಗೆ ಹಿಡಿಸಿದ ಹೊಗೆ ವರ್ಷಗಳುರುಳಿದಂತೆ ಮೆತ್ತಗಾಗುತ್ತದೆ, ಮರದ ಗುಣ ಮೇಲೇಳುತ್ತದೆ. ಗಾಢ ಹೊಗೆಯೇ ಬೇಕೆನ್ನುವವರು ಎಳೆಯದನ್ನು ಕೊಳ್ಳಿ, ಹಣವೂ ಉಳಿಯುತ್ತದೆ.

ಆ ಉಪ್ಪು ಕಡಲಗಾಳಿಯಿಂದ ಪೀಪಾಯಿಯೊಳಗೆ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಐಲಾದ ಬಹಳಷ್ಟು ಮದ್ಯ ಮಾಗುವುದು ದೂರದ ಮುಖ್ಯ ಭೂಭಾಗದ ಗೋದಾಮುಗಳಲ್ಲಿ, ಅದರಲ್ಲೂ ನನಗೆ ಕಡಲ ರುಚಿ ಸಿಕ್ಕಿದೆ. ಮದ್ಯ ಅಷ್ಟು ವರ್ಷ ಮಾಗಲು ಸಾಧ್ಯವಾಗುವುದು ಸ್ಕಾಟ್ಲೆಂಡಿನ ಚಳಿಯಿಂದ. ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತದೆ, ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಇಪ್ಪತ್ತೈದು ವರ್ಷಕ್ಕೆ ಐದರಲ್ಲಿ ಎರಡು ಪಾಲು ಹೋಗಿರುತ್ತದೆ. ನಮ್ಮ ಬೆಂಗಳೂರಿನಲ್ಲಿ ವಿಸ್ಕಿ ತಯಾರಿಸುವ ಅಮೃತ್‌ನವರ ಪೀಪಾಯಿಗಳಿಂದ ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ಹೋಗುತ್ತದೆ, ಅಷ್ಟು ವರ್ಷ ಕಾದರೆ ತಳವೇ ಉಳಿಯುತ್ತದೆ. ಹಳೆಯದರ ಬೆಲೆ ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದಾಗ. ಆದರೂ ಬಾಟಲಿ ಬೇಡ, ಒಂದೇ ಒಂದು ಗುಟುಕಿಗೆ ಹಣ ಕೊಡಿ.

ಕಾರು ಬಾಡಿಗೆಗೆ ಪಡೆಯಬೇಡಿ. ಸ್ಕಾಟ್ಲೆಂಡಿನ ಕುಡಿತದ ಮಿತಿ ಇಂಗ್ಲೆಂಡಿಗಿಂತ ಕಟ್ಟುನಿಟ್ಟು. ಪೋರ್ಟ್ ಎಲೆನ್ ಊರಿನಿಂದ ಲಫ್ರೋಯ್ಗ್, ಲಗವೂಲಿನ್ ಭಟ್ಟಿಗಳನ್ನು ದಾಟಿ ಆರ್ಡ್‌ಬೆಗ್ ಭಟ್ಟಿಯವರೆಗೆ ಕಾಲುದಾರಿಯಿದೆ, ಸುಮಾರು ಐದು ಕಿಲೋಮೀಟರ್.

ಮರಳಿ ಬಂದಾಗ ಬಂದರಿನ ಹತ್ತಿರ ನಾಲ್ಕೇ ಮೇಜುಗಳ ಒಂದು ಪುಟ್ಟ ಹೋಟೆಲಿನಲ್ಲಿ ಕಲ್ಲನ್ ಸ್ಕಿಂಕ್ ತಿಂದೆ. ಹೊಗೆಯಾಡಿಸಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು; ಇಷ್ಟೇ ಸೇರಿದ ಗಟ್ಟಿ ಸೂಪು. ಮೀನು ಎಸಳೆಸಳಾಗಿ ಬಿಡುತ್ತಿತ್ತು, ಹಾಲಿಗೆ ಹೊಗೆ ಹದವಾಗಿ ಹಿಡಿದಿತ್ತು. ಜೊತೆಗೆ ಬಿಸಿ ಬ್ರೆಡ್ಡು, ಕೇಳದೆಯೇ ಎರಡನೆಯ ಸಲ ಬಡಿಸಿದ ಬೆಣ್ಣೆ. ನಾಲ್ಕು ದಿನದಲ್ಲಿ ಮೂರು ಮಧ್ಯಾಹ್ನ ಅಲ್ಲೇ ಉಂಡೆ. ಒಂದು ಗಂಟೆಯೊಳಗೆ ಹೋಗಿ, ಎರಡಕ್ಕೆಲ್ಲ ಪಾತ್ರೆ ಖಾಲಿಯಾಗಿರುತ್ತದೆ.