ಒಂದೇ ನಂಬರ್ ಮೇಲೆ ಎಲ್ಲರ ಕಣ್ಣು
ಅಣ್ಣನ ಬ್ಲಡ್ ರಿಪೋರ್ಟ್ ಬಂದರೆ ಮನೆಯವರೆಲ್ಲ ಮೊದಲು ಹುಡುಕುವುದು ಸಿಇಎ ಸಾಲನ್ನು. ಸಿಇಎ ಅಂದರೆ ಕೆಲವು ಗೆಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್; ದೊಡ್ಡ ಕರುಳಿನ ಕ್ಯಾನ್ಸರ್ ಮರಳಿದೆಯಾ ಅಂತ ಸುಳಿವು ಕೊಡುವ ಪರೀಕ್ಷೆ ಅದು. ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 5 ನ್ಯಾನೋಗ್ರಾಂ ಒಳಗಿದ್ದರೆ ನಾರ್ಮಲ್. ಆದರೆ ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಇನ್ನು ಕೆಲವರ ಗೆಡ್ಡೆ ಸಿಇಎಯನ್ನು ರಕ್ತಕ್ಕೆ ಬಿಡುವುದೇ ಇಲ್ಲ. ಕಾಯಿಲೆ ಮರಳಿದರೂ ನಂಬರ್ ಸುಮ್ನೆ ಕೂತಿರುತ್ತದೆ! ಅದಕ್ಕೇ ಒಂದು ಸಲ ಏರಿದರೆ ಮತ್ತೆ ಟೆಸ್ಟ್ ಮಾಡಿಸಿ, ಆಮೇಲೆ ಸಿಟಿ ಸ್ಕ್ಯಾನ್‌ಗೆ ಕಳಿಸುತ್ತಾರೆ.

ಮರಳಿ ಬಂದಾಗ ಸಿಇಎ ತುಂಬಾ ಜಾಸ್ತಿ ಇದ್ದರೆ ಮುಂದಿನ ದಾರಿ ಕಷ್ಟ ಅನ್ನುವುದು ನಿಜವೇ. ಆದರೂ ಗೆಡ್ಡೆ ಎಲ್ಲಿದೆ, ಪೂರ್ತಿ ತೆಗೆಯಲು ಆಗುತ್ತಾ ಅನ್ನುವುದನ್ನು ನೋಡದೆ ನಂಬರ್ ಒಂದರಿಂದಲೇ ಭವಿಷ್ಯ ಹೇಳಲಾಗದು, ಅಲ್ವಾ?

"ಕಡಿಮೆ ಮಾರ್ಕ್ಸ್ ಬಂದಿದ್ದಕ್ಕೆ ನೀವು ಖುಷಿಪಡೋದು ಇದೊಂದು ಪರೀಕ್ಷೆಯಲ್ಲೇ" ಅಂತಾನೆ ಅಣ್ಣ.