ಲಂಟಾನ ಕೀಳುವ ಮೊದಲು ಬುಡ ನೋಡಿ

ನಮ್ಮ ಬಡಾವಣೆ ಮುಗಿಯುವ ಕಡೆ ಒಂದು ಪಾರ್ಕ್ ಇದೆ. ಅರ್ಧ ಪಾರ್ಕ್, ಅರ್ಧ ಗುಡ್ಡ. ಮುಂದೆ ಮಕ್ಕಳ ಜಾರುಬಂಡೆ, ಕಲ್ಲು ಬೆಂಚು, ವಾಕಿಂಗ್ ದಾರಿ. ಹಿಂದೆ ಬಂಡೆ, ಕುರುಚಲು, ಮುಳ್ಳು. ಚಿತ್ರದುರ್ಗದವರಿಗೆ ಇಂಥ ಜಾಗ ಹೊಸದೇನಲ್ಲ. ಆ ಹಿಂಭಾಗದಲ್ಲಿ ನಕ್ಷತ್ರ ಆಮೆಗಳಿವೆ. ಪಾರ್ಕಿನ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಾನು ಬಟ್ಟೆ ಹೊಲಿಯುವವಳು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತೇನೆ. ಅವತ್ತು ಬೆಳಿಗ್ಗೆ ನಾವೊಂದಷ್ಟು ಜನ ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ಅಲ್ಲಿ ಲಂಟಾನ ಕೀಳುತ್ತೇವೆ. ಹೂವಿನ ಚಂದಕ್ಕೆ ಅಂತ 19ನೇ ಶತಮಾನದ ಶುರುವಿನಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಗಿಡ ಅದು. ಮೂಲ ಊರು ಅಮೆರಿಕ ಖಂಡದ ಬಿಸಿ ನಾಡುಗಳು. ಈಗ ನಮ್ಮ ಗುಡ್ಡಗಳಲ್ಲಿ ಅದಿಲ್ಲದ ಇಳಿಜಾರು ಹುಡುಕಬೇಕು.

"ಲಂಟಾನ ಇದ್ರೆ ಆಮೆಗೇನು ತೊಂದರೆ? ನೆರಳಾದ್ರೂ ಸಿಗುತ್ತಲ್ಲಾ?" ಅಂತ ಅಂಗಡಿಗೆ ಬರುವವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬೇಸಿಗೆಯ ಮಧ್ಯಾಹ್ನ ಆಮೆ ಅದರ ಬುಡದಲ್ಲಿ ಅಡಗುವುದು ನಿಜ. ಆದರೆ ಬರೀ ನೆರಳಿನಿಂದ ಹೊಟ್ಟೆ ತುಂಬಲ್ಲ ಅಲ್ವಾ? ನಕ್ಷತ್ರ ಆಮೆ ತಿನ್ನುವುದು ಹುಲ್ಲು, ಸೊಪ್ಪು, ಉದುರಿದ ಹಣ್ಣು, ಹೂವು. ದಟ್ಟ ಲಂಟಾನದ ಅಡಿಯಲ್ಲಿ ಇವ್ಯಾವುವೂ ಬೆಳೆಯುವುದಿಲ್ಲ. ಇನ್ನು ಮೊಟ್ಟೆಯ ವಿಷಯ. ಹೆಣ್ಣಾಮೆ ಬಿಸಿಲು ಬೀಳುವ ಸಡಿಲ ಮಣ್ಣು ಹುಡುಕುತ್ತದೆ. ಮೂತ್ರದಿಂದ ನೆಲ ನೆನೆಸಿ, ಹಿಂಗಾಲಿನಲ್ಲಿ ತೋಡಿ, ಕೆಲವೇ ಕೆಲವು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಮರಿ ಆಗಲು ನೆಲದ ಬಿಸಿಯೇ ಬೇಕು, ತಿಂಗಳುಗಟ್ಟಲೆ. ಪೊದೆ ಪೊದೆ ಸೇರಿ ಗೋಡೆ ಕಟ್ಟಿದ ಕಡೆ ಅಂಥ ನೆಲ ಎಲ್ಲಿ ಉಳಿಯುತ್ತದೆ?

ಬೆಂಕಿಯ ಭಯ ಬೇರೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಒಣಗಿದ ಕಡ್ಡಿಗೆ ಒಂದು ಬೀಡಿ ತುಂಡು ಸಾಕು. ಜಿಂಕೆ ಓಡುತ್ತದೆ, ಮೊಲ ಓಡುತ್ತದೆ. ಆಮೆ ಎಲ್ಲಿಗೆ ಓಡಬೇಕು?

ಇಷ್ಟು ಹೇಳಿದ ಮೇಲೆ ಬಡಾವಣೆಯ ಹಿರಿಯರೊಬ್ಬರು, "ಹಾಗಾದ್ರೆ ಜೆಸಿಬಿ ಕರೆಸೋಣ ಬಿಡಮ್ಮಾ, ಒಂದೇ ದಿನದ ಕೆಲಸ. ಆಮೇಲೆ ಲಾನ್ ಹಾಕಿಸಿದ್ರೆ ಚೆನ್ನಾಗಿ ಕಾಣುತ್ತೆ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಆದರೆ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಜೆಸಿಬಿಯ ಹಲ್ಲಿಗೆ ಲಂಟಾನ ಯಾವುದು, ಕವಳೆ ಯಾವುದು, ಕಾರೆ ಯಾವುದು ಗೊತ್ತಾಗುವುದಿಲ್ಲ. ಬುಡದಲ್ಲಿ ಮಲಗಿದ ಆಮೆಯೂ ಗೊತ್ತಾಗುವುದಿಲ್ಲ, ನೆಲದೊಳಗಿನ ಮೊಟ್ಟೆಯೂ ಗೊತ್ತಾಗುವುದಿಲ್ಲ. ಮೇಲ್ಮಣ್ಣು ಕೆರೆದು ಹೋದ ಜಾಗಕ್ಕೆ ಮೊದಲು ಬರುವುದು ಕಾಂಗ್ರೆಸ್ ಗಿಡ. ತುಂಬಾ ಮಾತಾಯಿತು. ಕೊನೆಗೆ ಮುಂಭಾಗಕ್ಕೆ ಮಾತ್ರ ಯಂತ್ರ, ಹಿಂಭಾಗಕ್ಕೆ ಕೈ ಅಂತ ತೀರ್ಮಾನವಾಯಿತು.

ಕೈಯಲ್ಲಿ ಕೀಳುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಕತ್ತರಿಸಿದರೆ ಬುಡದಿಂದ ಇನ್ನೂ ಜಾಸ್ತಿ ಚಿಗುರು ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನವನ್ನೇ ನಾವೂ ಅನುಸರಿಸುತ್ತೇವೆ. ಮೊದಲು ಕೊಂಬೆ ಸವರಬೇಕು. ಆಮೇಲೆ ನೆಲದಿಂದ ಒಂದೆರಡು ಇಂಚು ಕೆಳಗೆ, ಚಿಗುರೊಡೆಯುವ ಭಾಗದ ಅಡಿಗೆ ಪಿಕಾಸಿ ಹಾಕಿ ತಾಯಿಬೇರು ಕಡಿಯಬೇಕು. ಕಿತ್ತ ಬುಡವನ್ನು ಬೇರು ಮೇಲೆ ಮಾಡಿ ಬಂಡೆಯ ಮೇಲೆ ಮಗುಚಿಡಬೇಕು. ಮಣ್ಣು ಸೋಕಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದ ಕ್ರಮ ಕಲಿಸಿದವರು ಆ ಗುಡ್ಡದಲ್ಲಿ ಕುರಿ ಮೇಯಿಸುವ ಅಜ್ಜ. ಶುರುವಿನಲ್ಲಿ ನಾವು ಮಚ್ಚು ಎತ್ತಿದ್ದನ್ನು ನೋಡಿ ಅವರು ದೂರದಿಂದಲೇ ಕೂಗಿದರು: "ಏ ತಾಯೀ, ತಡಿ ತಡಿ. ಬುಡ ನೋಡಿ ಆಮ್ಯಾಕೆ ಮಚ್ಚು ಹಾಕವ್ವಾ." ಹತ್ತಿರ ಬಂದು ತಮ್ಮ ಕೋಲಿನಿಂದ ಕೊಂಬೆ ಎತ್ತಿ ಹಿಡಿದರು. ನಾನು ಮಂಡಿಯೂರಿ ಬಗ್ಗಿ ನೋಡಿದೆ. ಒಣ ಎಲೆಯಲ್ಲಿ ಅರ್ಧ ಹೂತುಕೊಂಡು ಒಂದು ಆಮೆ ಕೂತಿತ್ತು. ಚಿಪ್ಪು ಕಪ್ಪು ಕಂದು. ಬೆನ್ನ ಮೇಲೆ ಗುಬುಟು ಗುಬುಟು. ಒಂದೊಂದು ಗುಬುಟಿನ ನೆತ್ತಿಯಲ್ಲೂ ಹಳದಿ ಬೊಟ್ಟು, ಅಲ್ಲಿಂದ ಸುತ್ತ ಹೊರಟ ಹಳದಿ ಗೆರೆಗಳು, ನಾವು ಬ್ಲೌಸಿನ ಕನ್ನಡಿ ಸುತ್ತ ಎಳೆಯುವ ದಾರದ ಹಾಗೆ. ಒಂದು ಕಡೆ ಅಂಚು ಸವೆದು ಗೆರೆ ಅಳಿಸಿಹೋಗಿತ್ತು. ಕೊರಳು ಎಳೆದುಕೊಂಡು ಮುಂಗಾಲಿನ ಒರಟು ಚರ್ಮ ಬಾಗಿಲ ಹಾಗೆ ಅಡ್ಡ ಇಟ್ಟುಕೊಂಡಿತ್ತು. ಕಣ್ಣು ಮಾತ್ರ ಕಾಣುತ್ತಿತ್ತು.

"ಮುಟ್ಟಬ್ಯಾಡ" ಅಂದರು ಅಜ್ಜ. ಸರಿಯಾಗಿಯೇ ಅಂದರು. ಹೆದರಿದ ಆಮೆ ಒಳಗೆ ಕೂಡಿಟ್ಟ ನೀರನ್ನೆಲ್ಲ ಮೂತ್ರವಾಗಿ ಬಿಟ್ಟುಬಿಡಬಹುದು. ನಮ್ಮ ಬಿಸಿಲಿನಲ್ಲಿ ಅದು ದೊಡ್ಡ ನಷ್ಟ. ಆ ಪೊದೆಗೆ ಕೆಂಪು ಬಟ್ಟೆ ಚೂರು ಕಟ್ಟಿ ಮುಂದೆ ಹೋದೆವು. ಅಂದಿನಿಂದ ಕಟ್ಟುನಿಟ್ಟು: ಒಬ್ಬರು ಕೋಲು ಹಿಡಿದು ಬುಡ ನೋಡುತ್ತಾರೆ, ಅವರು ಹೂಂ ಅಂದ ಮೇಲೆ ಇನ್ನೊಬ್ಬರು ಕಡಿಯುತ್ತಾರೆ. ಎಲ್ಲವನ್ನೂ ಒಂದೇ ಸಲ ಬೋಳು ಮಾಡುವುದೂ ಇಲ್ಲ. ಒಂದು ತುಂಡು ತೆಗೆದು, ಪಕ್ಕದ್ದು ಬಿಟ್ಟು, ತೆಗೆದ ಕಡೆ ಕಾರೆ, ಎಲಚಿ, ತಂಗಡಿ ತಲೆಯೆತ್ತಿದ ಮೇಲೆ ಬಿಟ್ಟದ್ದಕ್ಕೆ ಕೈ ಹಾಕುತ್ತೇವೆ. ಆಮೆಗೆ ಬಿಸಿಲೂ ಬೇಕು, ನೆರಳೂ ಬೇಕು, ಎರಡೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇಕು.

ಮಳೆ ಬಿದ್ದ ಮೇಲೆ ಬಿಡಿಸಿದ ಜಾಗದಲ್ಲಿ ಗರಿಕೆ ಬಂತು, ಅಣ್ಣೆ ಸೊಪ್ಪು ಬಂತು, ನೆಗ್ಗಿಲು, ಉತ್ತರಾಣಿ ಬಂದವು. ನಾವು ಯಾವುದನ್ನೂ ಬಿತ್ತಿರಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ ಫೋನ್ ಮಾಡಿ ಎಲ್ಲರನ್ನೂ ಕರೆದು ತೋರಿಸಿದೆ. ಜೊತೆಗೆ ಲಂಟಾನದ ಸಸಿಗಳೂ ಬಂದವು, ಅದರಲ್ಲೂ ಮರಗಳ ಕೆಳಗೆ. ಪಿಕಳಾರ ಹಣ್ಣು ತಿಂದು ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತದಲ್ಲ, ಬೀಜ ಬೀಳುವುದು ಅಲ್ಲೇ. ಈ ಸಸಿ ಎರಡು ಬೆರಳಲ್ಲಿ ಕಿತ್ತು ಬರುತ್ತದೆ. ಮುಂದಿನ ವರ್ಷಕ್ಕೆ ಬಿಟ್ಟರೆ ಮತ್ತೆ ಪಿಕಾಸಿ ಬೇಕು.

ಅಮೆರಿಕದ ಫ್ಲಾರಿಡಾದಲ್ಲೂ ಇದೇ ಕೆಲಸ ನಡೆಯುತ್ತಿದೆ. ಅಲ್ಲಿಯ ಗೋಫರ್ ಆಮೆ ಬಿಲ ತೋಡುತ್ತದೆ. ಹಾವು, ಕಪ್ಪೆ, ಇಲಿ ಅಂತ 350ಕ್ಕೂ ಹೆಚ್ಚು ಬಗೆಯ ಜೀವಿಗಳು ಆ ಬಿಲಗಳನ್ನು ಬಳಸುತ್ತವೆ. ಅಲ್ಲಿ ನೆಲ ಮುಚ್ಚುತ್ತಿರುವ ಕಳೆಗಳಲ್ಲಿ ಒಂದು ಕೋಗನ್ ಹುಲ್ಲು, ಅದು ನಮ್ಮ ಏಷ್ಯಾದಿಂದ ಹೋದದ್ದು. ಅವರ ಕಡೆಯ ಲಂಟಾನ ನಮಗೆ, ನಮ್ಮ ಕಡೆಯ ಹುಲ್ಲು ಅವರಿಗೆ!

ಹೆಸರು ಯಾಕೆ ಬರೆದಿಲ್ಲ ಅಂದರೆ, ಕಳ್ಳರ ಭಯಕ್ಕೆ. ಆಂಧ್ರ–ಕರ್ನಾಟಕ ಗಡಿಯ ಒಂದೇ ಕಳ್ಳಸಾಗಣೆ ಜಾಲ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯುತ್ತಿದೆ ಅಂತ 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು. ನಮ್ಮ ವನ್ಯಜೀವಿ ಕಾನೂನಿಗೆ 2022ರಲ್ಲಿ ತಿದ್ದುಪಡಿಯಾದಾಗ ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಪಟ್ಟಿಗೆ ಸೇರಿತು. ಆದರೂ "ಮನೇಲಿಟ್ರೆ ಲಕ್ಷ್ಮಿ ಬರ್ತಾಳಂತೆ" ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ಮನೆಯಲ್ಲಿ ಈಗಾಗಲೇ ಇದ್ದರೆ ತಂದು ಪಾರ್ಕಿಗೆ ಬಿಡುವುದೂ ಬೇಡ, ಸಾಕಿದ ಆಮೆಯ ರೋಗ ಕಾಡಿನದಕ್ಕೆ ತಗುಲಬಹುದು. ಅರಣ್ಯ ಇಲಾಖೆಯವರಿಗೆ ಒಪ್ಪಿಸಿ.

ಮುಂದಿನ ಭಾನುವಾರಗಳಲ್ಲಿ ಬಳ್ಳಾರಿ ಜಾಲಿಗೆ ಕೈ ಹಾಕುತ್ತಿದ್ದೇವೆ, ಕೆರೆ ಏರಿ ಕಡೆಯಿಂದ. ಅದು ಲಂಟಾನದಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಗಟ್ಟಿ ತೋಳಿನವರು ಬೇಕು. ಬರುವವರು ತುಂಬು ತೋಳಿನ ಹಳೇ ಶರ್ಟ್ ಹಾಕಿಕೊಳ್ಳಿ, ಶೂ ಇರಲಿ, ಆ ಮುಳ್ಳು ಚಪ್ಪಲಿ ತೂರಿ ಬರುತ್ತದೆ. ಹಾರೆ, ಪಿಕಾಸಿ ನಮ್ಮ ಹತ್ತಿರ ಇವೆ. ಕೋಲು ಹಿಡಿದು ಬುಡ ನೋಡುವುದಕ್ಕೂ ಜನ ಬೇಕು, ವಯಸ್ಸಾದವರೂ ಬರಬಹುದು. ಜಾಗ ಎಲ್ಲಿ ಅಂತ ಅಂಗಡಿಗೆ ಬಂದು ಕೇಳಿ, ಹೇಳುತ್ತೇನೆ.