ಹೆಂಚಿನ ಸಂದಿಯೂ ಗ್ಯಾಸಿನ ಗೀಸರೂ

ಕಳೆದ ಧನುರ್ಮಾಸದ ಒಂದು ಬೆಳಿಗ್ಗೆ ನನ್ನ ಮಗಳು ಬಚ್ಚಲಿನಲ್ಲಿ ಪ್ರಜ್ಞೆ ತಪ್ಪಿದಳು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ಊರಿನ ಚಳಿಯೆಂದರೆ ಘಟ್ಟದ ಮೇಲಿನವರು ನಗುವಷ್ಟೇ ಚಳಿ. ಆದರೂ ತೋಟದ ಕಡೆಯಿಂದ ಬರುವ ಬೆಳಗಿನ ಗಾಳಿ ಮೈಗೆ ತಣ್ಣಗೆ ತಾಗುತ್ತದೆಂದು, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಅವಳು ಕಿಟಕಿಯ ಗಾಜನ್ನು ಪೂರ್ತಿ ಎಳೆದುಕೊಂಡು ಗ್ಯಾಸಿನ ಗೀಸರು ಹಾಕಿ ಸ್ನಾನಕ್ಕೆ ನಿಂತಿದ್ದಳು. ಇಪ್ಪತ್ತು ನಿಮಿಷ ಕಳೆದರೂ ಹೊರಗೆ ಬರಲಿಲ್ಲ. ಬಕೆಟು ತುಂಬಿ ಹರಿಯುವ ಸದ್ದು ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ನನ್ನ ಹೆಂಡತಿ ಎರಡು ಸಲ ಕರೆದಳು. ಮೂರನೆಯ ಸಲ ಕರೆಯುವಾಗ ಅವಳ ದನಿ ಬದಲಾದುದನ್ನು ಕೇಳಿ ನಾನು ಪೇಪರು ಬಿಟ್ಟು ಎದ್ದೆ.

ಪ್ಲಾಸ್ಟಿಕ್ಕಿನ ಬಾಗಿಲಾದ್ದರಿಂದ ಎರಡು ಒದೆತಕ್ಕೇ ಚಿಲಕ ಕಿತ್ತು ಬಂತು. ಅವಳು ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಅರೆತೆರೆದಿತ್ತು, ಒಂದು ಕೈ ಬಕೆಟಿನೊಳಗೆ ಮುಳುಗಿತ್ತು. ಹಿಂಬದಿಯ ಜಗಲಿಗೆ ಎತ್ತಿಕೊಂಡು ಬಂದು ಮಲಗಿಸಿದ ಐದಾರು ನಿಮಿಷಗಳ ಬಳಿಕ ಎಚ್ಚರವಾಯಿತು, ವಾಂತಿಯಾಯಿತು, ಇವತ್ತು ಯಾವ ವಾರವೆಂದು ಕೇಳಿದಳು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದೆ, 98 ತೋರಿಸಿತು. ಪಿತ್ತವೇ ಇರಬೇಕೆಂದು ನಾವೇ ತೀರ್ಮಾನ ಮಾಡಿಕೊಂಡೆವು. ಹತ್ತಿರದ ಆಸ್ಪತ್ರೆಯಲ್ಲಿ ಅಪಸ್ಮಾರದ ಸಂಶಯವೆಂದು ಬರೆದು, ಮೆದುಳಿನ ಸ್ಕ್ಯಾನ್ ಮಾಡಿಸಲು ಹೇಳಿದರು. ತಲೆನೋವು ಇಳಿಯದ ಕಾರಣ, ಇಲ್ಲಿನವರೆಲ್ಲ ಕೊನೆಗೆ ಹೋಗುವಂತೆ, ಮಧ್ಯಾಹ್ನದ ಹೊತ್ತಿಗೆ ನಾವೂ ಮಂಗಳೂರಿಗೆ ಹೋದೆವು. ಅಲ್ಲಿನ ತುರ್ತು ವಿಭಾಗದಲ್ಲಿದ್ದ ತರುಣ ವೈದ್ಯರು ಕಾಗದಗಳನ್ನು ಓದುವ ಮೊದಲೇ ಕೇಳಿದ ಪ್ರಶ್ನೆ: “ಗೀಸರು ಗ್ಯಾಸಿನದೋ ಕರೆಂಟಿನದೋ?”

ರಕ್ತ ಪರೀಕ್ಷೆಗೆ ಕಳುಹಿಸಿ, ವರದಿಗೆ ಕಾಯದೆ ಮೂಗಿಗೆ ಆಮ್ಲಜನಕದ ಮಾಸ್ಕ್ ಇಟ್ಟರು. ನಾನು ಸಮಾಧಾನದಿಂದಲೇ 98ರ ಸಂಗತಿ ಹೇಳಿದಾಗ ಅವರು ತಲೆಯಲ್ಲಾಡಿಸಿದರು. ಆಮ್ಲಜನಕ ಹೊತ್ತ ರಕ್ತ ಯಾವುದು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊತ್ತ ರಕ್ತ ಯಾವುದು ಎಂಬ ಭೇದ ಆ ಸಾಮಾನ್ಯ ಆಕ್ಸಿಮೀಟರಿಗೆ ತಿಳಿಯುವುದಿಲ್ಲ; ಎರಡನ್ನೂ ಅದು ಒಳ್ಳೆಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಅದು ಅಂಟಿಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಬರಿಯ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಬೆಳಿಗ್ಗೆಯೇ ರಕ್ತ ತೆಗೆದಿದ್ದರೆ ಈ ಅನಿಲದ ಅಂಕಿ ಇನ್ನೂ ಮೇಲಿರುತ್ತಿತ್ತೆಂದು ವೈದ್ಯರು ವರದಿ ಬಂದ ಮೇಲೆ ಹೇಳಿದರು. ಬಚ್ಚಲಿನಲ್ಲಿ ಹೀಗೆ ಬಿದ್ದವರನ್ನು ಮೂರ್ಛೆರೋಗವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿಸುವ ಅಪಾಯವಿದೆಯಂತೆ. ನಮ್ಮ ದೇಶದ ನರರೋಗ ತಜ್ಞರ ಲೇಖನಗಳಲ್ಲಿ ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಇದೆ.

ಮನೆಗೆ ಬಂದ ಮೇಲೆ ನಾನು ಟೇಪು ಹಿಡಿದು ಬಚ್ಚಲನ್ನು ಅಳೆದೆ. ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರ. ಒಳಗೆ ಹಿಡಿಯುವ ಗಾಳಿ ಸುಮಾರು 9 ಘನಮೀಟರ್. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರು ಪೂರ್ತಿ ಉರಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಅಡುಗೆಮನೆಯ ಒಲೆಯ ಐದಾರು ಬರ್ನರುಗಳನ್ನು ಒಟ್ಟಿಗೆ ಉರಿಸಿದಂತೆ ಅದು. ಒಂದು ಕಿಲೋ ಎಲ್‌ಪಿಜಿ ಪೂರ್ಣವಾಗಿ ಉರಿಯಲು 12ರಿಂದ 13 ಘನಮೀಟರ್ ಗಾಳಿ ಬೇಕು. ಅಂದರೆ ಇಪ್ಪತ್ತು ನಿಮಿಷದ ಸ್ನಾನಕ್ಕೆ ನಾಲ್ಕು ಘನಮೀಟರಿಗೂ ಹೆಚ್ಚು, ಕೋಣೆಯ ಅರ್ಧದಷ್ಟು ಗಾಳಿಯನ್ನು ಗೀಸರೇ ಕೇಳುತ್ತದೆ. ಬಾಗಿಲಿನಡಿಯ ಸಂದಿಯಿಂದ ಒಂದಿಷ್ಟು ಗಾಳಿ ಬಂದೀತು, ಆದರೆ ಅಷ್ಟು ಬಾರದು. ಆಮ್ಲಜನಕ ಇಳಿಯುತ್ತಾ ಹೋದಂತೆ ಗ್ಯಾಸು ಅರೆಬರೆ ಉರಿಯುತ್ತದೆ. ಅರೆಬರೆ ಉರಿದ ಬೆಂಕಿಯಿಂದಲೇ ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು. ಉರಿದದ್ದನ್ನು ಹೊರಗೊಯ್ಯುವ ಕೊಳವೆ ನಮ್ಮ ಗೀಸರಿಗೆ ಇರಲೇ ಇಲ್ಲ. ಅದರ ತಲೆಯ ಮೇಲಿನ ಜಾಲರಿಯಿಂದ ಹೊರಟ ಬಿಸಿಗಾಳಿ ನೇರವಾಗಿ ಸ್ನಾನ ಮಾಡುವವರ ಮೂಗಿಗೇ ಬರುತ್ತಿತ್ತು.

ಸ್ಟೂಲು ಹತ್ತಿ ನೋಡಿದಾಗ ಗೀಸರಿನ ಮೇಲೆ ಸೀಲಿಂಗಿನಲ್ಲಿ ತಟ್ಟೆಯಗಲದ ಮಸಿ ಕಂಡಿತು. ಅದು ಎರಡು ವರ್ಷದಿಂದ ನಮಗೆ ಹೇಳುತ್ತಿದ್ದುದನ್ನು ನಾವು ಪಾಚಿಯೆಂದುಕೊಂಡಿದ್ದೆವು. ಮುಚ್ಚಳ ಬಿಚ್ಚಿದರೆ ತಾಮ್ರದ ರೆಕ್ಕೆಗಳ ನಡುವೆ ಕರಿ ಗಟ್ಟಿಯಾಗಿತ್ತು, ಬರ್ನರಿನ ಒಂದು ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದ್ದು ಇದರಿಂದಲೇ. ಗ್ಯಾಸು ಸೋರಿದರೆ ವಾಸನೆ ಬರುವುದಿಲ್ಲವೇ ಎಂದು ನೆರೆಯವರು ಕೇಳಿದರು. ಬರುತ್ತದೆ, ಸೋರಿಕೆ ಗೊತ್ತಾಗಲೆಂದೇ ಎಲ್‌ಪಿಜಿಗೆ ದುರ್ವಾಸನೆಯ ಮರ್ಕಾಪ್ಟನ್ ಸೇರಿಸಿರುತ್ತಾರೆ. ಆದರೆ ಉರಿಯುವಾಗ ಆ ವಾಸನೆಯೂ ಉರಿದುಹೋಗುತ್ತದೆ. ಸೋರಿದ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಉರಿದ ಗಾಳಿ ಬಿಸಿಯಾದ್ದರಿಂದ ಮೊದಲು ಮಾಡಿಗೆ, ಅಂದರೆ ಸೂರಿಗೆ, ಏರಿ ಆಮೇಲೆ ಕೋಣೆಯೆಲ್ಲ ಬೆರೆಯುತ್ತದೆ. ಹಾಗಾಗಿ ಕೆಳಗೊಂದು, ಮೇಲೊಂದು, ಹೀಗೆ ಮುಚ್ಚಲು ಬಾರದ ಎರಡು ಕಿಂಡಿಗಳು ಬೇಕು. ನಮ್ಮಲ್ಲಿ ಇದ್ದದ್ದು ಸೊಳ್ಳೆಗೆ ಹೆದರಿ ಗಾಜು ಕೂರಿಸಿದ್ದ ಒಂದು ವೆಂಟಿಲೇಟರ್.

ಹಳೆಯ ಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಲ್ಲಿ ಬಚ್ಚಲು ಮನೆಯಿಂದ ಹತ್ತು ಹೆಜ್ಜೆ ಆಚೆಗೆ, ತೋಟಕ್ಕೆ ಇಳಿಯುವ ದಾರಿಯಲ್ಲಿತ್ತು. ಮುರಕಲ್ಲಿನ ಗೋಡೆ ಆಳೆತ್ತರಕ್ಕೆ ನಿಂತು, ಅದರ ಮೇಲೆ ಮಾಡಿನವರೆಗೆ ಒಂದೂವರೆ ಅಡಿ ಖಾಲಿ ಜಾಗ. ಮೇಲೆ ಮಂಗಳೂರು ಹೆಂಚು. ತಾಮ್ರದ ಹಂಡೆಯ ಒಲೆಗೆ ಬೆಂಕಿ ಹಾಕುವ ಬಾಯಿಯಂತೂ ಗೋಡೆಯ ಹೊರಬದಿಗೇ ಇತ್ತು, ಸ್ನಾನ ಮಾಡುವವರು ಒಳಗೆ. ತೆಂಗಿನ ಮಡಲು, ಅಡಿಕೆ ಸಿಪ್ಪೆ, ಹಾಳೆ, ಮಳೆಗಾಲದಲ್ಲಿ ನೆನೆದ ಕೊತ್ತಳಿಗೆ, ಏನು ಸಿಕ್ಕಿದರೆ ಅದನ್ನು ತುರುಕಿದರೂ ಹೊಗೆ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಒಳಗಿನ ಅಡುಗೆಕೋಣೆಯಲ್ಲೂ ಅಷ್ಟೇ: ಹೊಗೆ ಅಟ್ಟಕ್ಕೆ ಏರಿ, ಅಲ್ಲಿ ಒಣಗುತ್ತಿದ್ದ ತೆಂಗಿನಕಾಯಿಗಳನ್ನು ಸವರಿ, ಹೆಂಚುಗಳ ಸಂದಿಯಿಂದ ಹೊರಬೀಳುತ್ತಿತ್ತು. ಬೆಳಗ್ಗಿನ ಬಿಸಿಲಿಗೆ ಇಡೀ ಮಾಡೇ ಉಸಿರಾಡುತ್ತಿರುವಂತೆ ಕಾಣುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹಳೆಯದನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಆ ಹೊಗೆಯಲ್ಲೇ ನಲವತ್ತು ವರ್ಷ ಅಡುಗೆ ಮಾಡಿದ ನನ್ನ ತಾಯಿಯ ಕೊನೆಗಾಲದ ಕೆಮ್ಮನ್ನು ನಾನು ಮರೆತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಇಂಥ ತಾಯಂದಿರನ್ನು ನೋಡಿಯೇ. ನಾನು ಹೇಳುವುದಿಷ್ಟೇ. ಸಂದಿಗಳಿದ್ದ ಮನೆಯಲ್ಲಿ ನಾವು ಮಾಡುತ್ತಿದ್ದ ತಪ್ಪುಗಳನ್ನು ಸಂದಿಗಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಸೋರದ ಮನೆ ಕಟ್ಟುವುದೇ ದೊಡ್ಡ ಸಾಧನೆಯೆಂದು ತಿಳಿದು, ತಾರಸಿ ಹಾಕಿ, ಅಲ್ಯೂಮಿನಿಯಮ್ ಕಿಟಕಿಗೆ ರಬ್ಬರಿನ ಅಂಚು ಕೊಟ್ಟು, ನೀರಿನ ಜೊತೆಗೆ ಗಾಳಿಯನ್ನೂ ಹೊರಗಿಟ್ಟೆವು. ಬೆಂಕಿಯನ್ನು ಮಾತ್ರ ಒಳಗೇ ಇಟ್ಟುಕೊಂಡೆವು.

ಕೊಳವೆ ಇದ್ದರೆ ಸಾಕೆಂದೂ ಅಲ್ಲ. ಪೆರ್ಲದ ಬಳಿಯ ನಮ್ಮ ಭಾವನ ಹೊಸ ಮನೆಯಲ್ಲಿ ಸೌದೆಯ ಬಾಯ್ಲರನ್ನು ಅಡುಗೆಮನೆಗೆ ತಾಗಿದ ಕೆಲಸದ ಕೋಣೆಯಲ್ಲಿ ಕೂರಿಸಿದ್ದಾರೆ. ತಾರಸಿಗೆ ತೂತು ಮಾಡಿದರೆ ಸೋರುತ್ತದೆಂದು ಮೇಸ್ತ್ರಿ ಒಪ್ಪದ ಕಾರಣ, ಹೊಗೆಕೊಳವೆ ಆರಡಿ ಅಡ್ಡಕ್ಕೆ ಹೋಗಿ, ಎರಡು ಮೊಣಕೈ ತಿರುಗಿ, ಸಜ್ಜದ ಅಡಿಯಲ್ಲೇ ಗೋಡೆಯಿಂದ ಹೊರಗೆ ಇಣುಕುತ್ತದೆ. ಬಿಸಿ ಹೊಗೆ ಮೇಲಕ್ಕೇರುವ ಬಲದಿಂದಲೇ ಕೊಳವೆ ಎಳೆಯುವುದು. ಅಡ್ಡಕ್ಕೆ ಹೋದಷ್ಟೂ, ತಿರುಗಿದಷ್ಟೂ, ಮಳೆಗೆ ನೆನೆದು ತಣ್ಣಗಾದಷ್ಟೂ ಆ ಎಳೆತ ಸಾಯುತ್ತದೆ. ಮಳೆಗಾಲದ ಆಟಿ ತಿಂಗಳಿನಲ್ಲಿ ಅಕ್ಕನಿಗೆ ದಿನಾ ತಲೆನೋವು. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ತೋಟಕ್ಕೆ ಹೋದರೆ ವಾಸಿ. ನಾನು ಹೋದ ದಿನ ಒಂದು ಊದುಬತ್ತಿ ಹಚ್ಚಿ ಬಾಯ್ಲರಿನ ಬಾಯಿಯ ಹತ್ತಿರ ಹಿಡಿದೆ. ಹೊಗೆಯ ಎಳೆ ಒಳಕ್ಕೆ ಬಾಗಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಲು ಹೇಳಿದೆ. ಅರ್ಧ ನಿಮಿಷದೊಳಗೆ ಅದೇ ಎಳೆ ತಿರುಗಿ ನನ್ನ ಮುಖಕ್ಕೆ ಬಂತು. ಕಿಟಕಿಗಳೆಲ್ಲ ಮುಚ್ಚಿದ ಮನೆಯಿಂದ ಫ್ಯಾನು ಗಾಳಿಯನ್ನು ಹೊರಗೆ ತಳ್ಳಿದರೆ, ಅದರ ಬದಲಿಗೆ ಬರಬೇಕಾದ ಗಾಳಿಗೆ ಹೊಗೆಕೊಳವೆಯೇ ಸುಲಭದ ಹೆಬ್ಬಾಗಿಲು. ಭಾವ ಏನೂ ಮಾತಾಡದೆ ಎದ್ದು ಹೋಗಿ ಮೇಸ್ತ್ರಿಗೆ ಫೋನು ಮಾಡಿದರು. ಈಗ ಕೊಳವೆ ನೆಟ್ಟಗೆ ಮೇಲೆದ್ದು ತಾರಸಿಯಿಂದ ಮೂರಡಿ ಎತ್ತರಕ್ಕೆ ನಿಂತಿದೆ, ತಲೆಗೊಂದು ತಗಡಿನ ಟೊಪ್ಪಿಯಿದೆ. ಸುತ್ತ ಸ್ವಲ್ಪ ಸೋರುತ್ತದೆ, ನಿಜ, ಬಾಲ್ದಿ ಇಟ್ಟಿದ್ದಾರೆ.

ನಮ್ಮ ಮನೆಯ ಗೀಸರು ಈಗ ಹಿಂಬದಿಯ ಜಗಲಿಯ ಹೊರಗೋಡೆಯಲ್ಲಿದೆ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರುತ್ತದೆ, ಮೊದಲ ಅರ್ಧ ಬಕೆಟು ತಣ್ಣಗಿರುತ್ತದೆ. ಪ್ಲಂಬರಿಗೆ ಇದು ಹಿಡಿಸಲಿಲ್ಲ. ಊರಿನಲ್ಲಿ ಎಲ್ಲರೂ ಒಳಗೇ ಇಟ್ಟಿದ್ದಾರೆ, ಹೊರಗಿಟ್ಟರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ ಎಂದ. ಹಿಡಿಯಲಿ. ಸಾವಿರದ ಲೆಕ್ಕದಲ್ಲಿ ಮುಗಿಯುವ ಕೆಲಸಕ್ಕೆ ತುಕ್ಕಿನ ಚಿಂತೆ ಮಾಡುವ ಹಂತವನ್ನು ನಾವು ದಾಟಿದ್ದೇವೆ. ವೆಂಟಿಲೇಟರಿನ ಗಾಜು ತೆಗೆಸಿ ಸೊಳ್ಳೆ ಜಾಲರಿ ಹೊಡೆಸಿದ್ದೇನೆ. ಆನ್‌ಲೈನಿನಲ್ಲಿ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಮನ್ನೂ ತರಿಸಿದೆ. ಹೊಗೆಯ ಅಲಾರಮು ಬೇರೆ, ಇದು ಬೇರೆ. ಐರೋಪ್ಯ ಮಾನದಂಡದ ಇಂಥ ಅಲಾರಮು, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ 300 ಭಾಗವಿದ್ದರೆ 3 ನಿಮಿಷದೊಳಗೆ ಕೂಗಬೇಕು. 50 ಭಾಗವಿದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಈ ಕೆಲಸಕ್ಕೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದರಂತೆ.

ಎಂಟು ಜನರ ಸುದ್ದಿ ನಮ್ಮ ರಾಜ್ಯದವರಿಗೆ ನೆನಪಿರಬೇಕು. 2020ರ ಜನವರಿಯಲ್ಲಿ ಕೇರಳದಿಂದ ನೇಪಾಳಕ್ಕೆ ಪ್ರವಾಸ ಹೋಗಿದ್ದವರು ದಾಮನ್ ಎಂಬ ಗಿರಿಧಾಮದಲ್ಲಿ ಚಳಿಗೆ ಗ್ಯಾಸಿನ ಹೀಟರು ಹಚ್ಚಿ, ಬಾಗಿಲು ಕಿಟಕಿ ಭದ್ರಪಡಿಸಿ, ಒಂದೇ ಕೋಣೆಯಲ್ಲಿ ಮಲಗಿದರು. ಎಂಟು ಮಂದಿಯೂ ತೀರಿಕೊಂಡರು, ಅವರಲ್ಲಿ ನಾಲ್ವರು ಮಕ್ಕಳು. ಆಗ ನಾನು ಆ ಸುದ್ದಿ ಓದಿ, ಅಷ್ಟು ಚಳಿ ನಮ್ಮಲ್ಲಿಲ್ಲವಲ್ಲ ಎಂದುಕೊಂಡು ಪುಟ ತಿರುಗಿಸಿದ್ದೆ. ಆ ವೇಳೆಗೆ ನಮ್ಮ ಹೊಸ ಮನೆಯ ನಕ್ಷೆ ಮೇಜಿನ ಮೇಲಿತ್ತು.

ಈಗ ತಮ್ಮನ ಸೊಸೆ ಬಾಣಂತಿ. ಅವಳ ಕೋಣೆಯಲ್ಲಿ ಇರುಳಿಗೆ ಅಗ್ಗಿಷ್ಟಿಕೆ ಇಡಬೇಕೆಂದು ಎಂಬತ್ತು ದಾಟಿದ ನಮ್ಮ ಅತ್ತೆ ಹಟ ಹಿಡಿದಿದ್ದಾರೆ. ಚಿಪ್ಪಿನ ಕೆಂಡ, ಮೇಲೊಂದು ಚಿಟಿಕೆ ಧೂಪ, ಮಗುವಿನ ಬಟ್ಟೆಯನ್ನು ಅದರ ಮೇಲೆ ಹಿಡಿದು ಬೆಚ್ಚಗೆ ಮಾಡಿ ಉಡಿಸುವುದು. ಐದು ಮಕ್ಕಳ ಬಾಣಂತನವನ್ನು ಅವರು ಹೀಗೆಯೇ ಮುಗಿಸಿದವರು. ಹೊಗೆಯಾಡುವ ಸೌದೆಯನ್ನು ಅವರೂ ಒಳಗೆ ಬಿಡುವುದಿಲ್ಲ. ಹೊಗೆಯಿಲ್ಲದೆ ಕೆಂಪಗೆ ನಿಗಿನಿಗಿ ಎನ್ನುವ ಕೆಂಡದ ಮೇಲೆ ಮಾತ್ರ ಅವರಿಗೆ ಪೂರ್ಣ ನಂಬಿಕೆ. ಕಷ್ಟವಿರುವುದು ಅಲ್ಲಿಯೇ: ಹೊಗೆ ಕಣ್ಣುರಿಸಿ, ಕೆಮ್ಮಿಸಿ ನಮ್ಮನ್ನು ಎಬ್ಬಿಸುತ್ತದೆ; ಕೆಂಡ ಏನೂ ಹೇಳದೆ ಆ ಅನಿಲವನ್ನು ಬಿಡುತ್ತಿರುತ್ತದೆ.

“ನಾವೆಲ್ಲ ಬದುಕಲಿಲ್ಲವೇ ಮಾಣಿ?” ಎಂದು ಅತ್ತೆ ಕೇಳಿದರು. ನಾನು ಅವರ ಕೈ ಹಿಡಿದುಕೊಂಡು ಕೋಣೆಯ ನಡುವೆ ನಿಲ್ಲಿಸಿ, ಮೇಲೆ ನೋಡಲು ಹೇಳಿದೆ. ಬಿಳಿ ಪುಟ್ಟಿ ಬಳಿದ ಸಪಾಟು ತಾರಸಿ. ಫ್ಯಾನಿನ ಕೊಕ್ಕೆಯೊಂದನ್ನು ಬಿಟ್ಟರೆ ಒಂದು ಗೀರೂ ಇಲ್ಲ. ನಿಮ್ಮ ಬಾಣಂತನದ ಕೋಣೆಯಲ್ಲಿ ಇಲ್ಲಿ ಏನಿತ್ತು ಅತ್ತೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಂಚು. ರಾತ್ರಿ ಒಂದೆರಡು ನಕ್ಷತ್ರ ಕಾಣುತ್ತಿತ್ತು” ಎಂದರು. ಆಮೇಲೆ ಅಗ್ಗಿಷ್ಟಿಕೆಯನ್ನು ತಾವೇ ಎತ್ತಿಸಿ ಹೊರಗಿನ ಜಗಲಿಯ ಮೂಲೆಯಲ್ಲಿ ಇಡಿಸಿದರು. ಈಗ ರಾತ್ರಿ ಎರಡು ಸಲ ಎದ್ದು, ಅಲ್ಲೇ ಕುಳಿತು ಬಟ್ಟೆ ಬೆಚ್ಚಗೆ ಮಾಡಿ, ಬಾಗಿಲ ಸಂದಿನಿಂದ ಒಳಗೆ ಕೊಡುತ್ತಾರೆ.